ಇಡ್ಲಿಯೋ ದೋಸೆಯೋ: ಸ್ಥಿರ ಜಾಲತಾಣಕ್ಕೆ ಸಿಎಂಎಸ್ ಹುಡುಕಿದ ಮೂವತ್ತು ವರ್ಷ

ಊರಿನ ಸುದ್ದಿಗೋ ತಾಲೂಕಿನ ಸುದ್ದಿಗೋ ಒಂದು ಜಾಲತಾಣ ಮಾಡಬೇಕು ಎಂದ ಕೂಡಲೇ ಬರುವ ಪ್ರಶ್ನೆ, 'ಯಾವುದರಲ್ಲಿ ಮಾಡೋಣ?' ಉತ್ತರವೂ ಸಿದ್ಧವಾಗಿಯೇ ಇರುತ್ತದೆ: 'ವರ್ಡ್‌ಪ್ರೆಸ್ ಹಾಕಿಬಿಡಿ.' ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಅದರ ಮೇಲೇ ನಿಂತಿರುವಾಗ ಇದು ಸಹಜ. ಆದರೆ ಕೆಲವು ವರ್ಷಗಳಿಂದ ಇನ್ನೊಂದು ಸಲಹೆಯೂ ಕೇಳಿಬರುತ್ತಿದೆ. 'ನಿಮ್ಮಂಥ ಸಣ್ಣ ತಂಡಕ್ಕೆ ಸ್ಟ್ಯಾಟಿಕ್ ಸೈಟ್ ಸಾಕು. ಡೇಟಾಬೇಸ್ ಬೇಡ, ಖರ್ಚಿಲ್ಲ, ಹ್ಯಾಕ್ ಆಗುವ ಭಯ ಕಡಿಮೆ' ಎನ್ನುತ್ತಾರೆ. ಸರಿ ಎಂದು ಹೊರಟರೆ ಜೆಕಿಲ್, ಹ್ಯೂಗೋ, ಇಲೆವೆಂಟಿ, ಡೀಕ್ಯಾಪ್, ಪಬ್ಲಿ ಎಂದು ಹೆಸರುಗಳ ಜಾತ್ರೆಯೇ ಎದುರಾಗುತ್ತದೆ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಹೆಸರುಗಳನ್ನು ಹೋಲಿಸುವ ಪಟ್ಟಿಗಳು ಬೇಕಾದಷ್ಟಿವೆ. ಇವತ್ತು ಮಾಡಿದ ಪಟ್ಟಿ ಎರಡು ವರ್ಷಕ್ಕೆ ಹಳತಾಗುತ್ತದೆ. ಹಾಗಾಗಿ ನಾವು ಇಲ್ಲಿ ಪಟ್ಟಿ ಕೊಡುತ್ತಿಲ್ಲ, ಈ ಸಲಕರಣೆಗಳ ಇತಿಹಾಸವನ್ನು ನೋಡುತ್ತಿದ್ದೇವೆ. ಈ ಆಯ್ಕೆಯನ್ನು ನಮಗಿಂತ ಮೊದಲೇ ಲಕ್ಷಾಂತರ ಜನ ಮಾಡಿದ್ದಾರೆ. ಅವರು ಏನನ್ನು ಆರಿಸಿಕೊಂಡರು, ಯಾಕೆ ಬಿಟ್ಟರು, ಬಿಟ್ಟಾಗ ಅವರ ಬರಹ ಏನಾಯಿತು ಎಂಬುದು ಗೊತ್ತಾದರೆ ನಮ್ಮ ತೀರ್ಮಾನ ಸುಲಭವಾಗುತ್ತದೆ.

ಮೊದಲು ಎರಡು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಸಿಎಂಎಸ್, ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಬರಹವನ್ನು ಒಳಗೆ ಹಾಕಲು, ತಿದ್ದಲು, ಪ್ರಕಟಿಸಲು ಇರುವ ತಂತ್ರಾಂಶ. ಪತ್ರಿಕಾ ಕಚೇರಿಯ ಸುದ್ದಿ ಡೆಸ್ಕಿನಂತೆ. ಸ್ಥಿರ ತಾಣ ಮತ್ತು ಚಲನಶೀಲ ತಾಣದ ವ್ಯತ್ಯಾಸಕ್ಕೆ ಹೋಟೆಲಿನ ಉದಾಹರಣೆ ಸಾಕು. ಇಡ್ಲಿ ಬೆಳಿಗ್ಗೆ ಐದಕ್ಕೇ ಬೆಂದಿರುತ್ತದೆ. ಗಿರಾಕಿ ಬಂದರೆ ತಟ್ಟೆಗೆ ಹಾಕಿ ಕೊಡುವುದಷ್ಟೇ ಕೆಲಸ. ದೋಸೆ ಹಾಗಲ್ಲ. ಆರ್ಡರ್ ಬಂದ ಮೇಲೆ ಹೆಂಚಿಗೆ ಹಿಟ್ಟು ಹುಯ್ಯಬೇಕು. ಈರುಳ್ಳಿ ಬೇಡ ಎಂದವರಿಗೆ ಹಾಗೆ, ಖಾರ ಬೇಕೆಂದವರಿಗೆ ಹೀಗೆ. ಆದರೆ ಸಂತೆಯ ದಿನ ನೂರು ಜನ ಒಟ್ಟಿಗೆ ಬಂದರೆ ಹೆಂಚಿನ ಮುಂದೆ ಸಾಲು ನಿಲ್ಲುತ್ತದೆ, ಅಡುಗೆಯವರಿಗೆ ಜ್ವರ ಬಂದರೆ ದೋಸೆಯೇ ಇಲ್ಲ. ಸ್ಥಿರ ತಾಣದ ಪುಟ ಇಡ್ಲಿ: ಓದುಗ ಬರುವ ಮೊದಲೇ ತಯಾರಾಗಿ ಫೈಲಾಗಿ ಕೂತಿರುತ್ತದೆ. ವರ್ಡ್‌ಪ್ರೆಸ್‌ನಂಥವುಗಳ ಪುಟ ದೋಸೆ: ಓದುಗ ಕೇಳಿದಾಗ ಡೇಟಾಬೇಸ್‌ನಿಂದ ಬರಹ ತೆಗೆದು, ಅಚ್ಚಿಗೆ ಹಾಕಿ, ಆ ಕ್ಷಣಕ್ಕೆ ಕಟ್ಟಿ ಕೊಡುವಂಥದ್ದು.

ಮೊದಲು ಎಲ್ಲವೂ ಸ್ಥಿರವೇ

ಜಾಲ ಹುಟ್ಟಿದ್ದೇ ಇಡ್ಲಿಯಾಗಿ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ಹೊರಜಗತ್ತಿಗೆ ತೋರಿಸಿದ ತಾಣ ಒಂದಕ್ಕೊಂದು ಕೊಂಡಿ ಹಾಕಿದ ಕೆಲವು ಎಚ್‌ಟಿಎಂಎಲ್ ಪುಟಗಳು, ಅಷ್ಟೇ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಅದಾಗಿ ಸರಿಯಾಗಿ 20 ವರ್ಷಕ್ಕೆ, 2013ರಲ್ಲಿ, ಅದೇ ಸಂಸ್ಥೆ ಆ ಮೊದಲ ತಾಣವನ್ನು ಅದರ ಮೂಲ ವಿಳಾಸಕ್ಕೆ ಮರಳಿ ತಂದು ಕೂರಿಸಿತು. 1992ರ ಒಂದು ಪ್ರತಿ ಉಳಿದಿತ್ತು. ಅದನ್ನು ಸರ್ವರಿಗೆ ಹಾಕಿದರು, ಇಂದಿನ ಬ್ರೌಸರಿನಲ್ಲೂ ತೆರೆಯಿತು. ಇಪ್ಪತ್ತು ವರ್ಷ ಹಳೆಯ ಡೇಟಾಬೇಸ್ ತಂತ್ರಾಂಶವನ್ನು ಎಬ್ಬಿಸಿ ನಿಲ್ಲಿಸುವುದು ಇಷ್ಟು ಸುಲಭವಲ್ಲ ಎಂಬುದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಯಾರೂ ಒಪ್ಪುತ್ತಾರೆ.

1994ರಲ್ಲಿ ಶುರುವಾದ ಜಿಯೋಸಿಟೀಸ್ ಸಾಮಾನ್ಯ ಜನರಿಗೂ ಉಚಿತವಾಗಿ ಪುಟ ಮಾಡುವ ಜಾಗ ಕೊಟ್ಟಿತು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆಗ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಾಧ್ಯವಾದಷ್ಟು ಪುಟಗಳನ್ನು ನಕಲು ಮಾಡಿಕೊಂಡು, ಮರುವರ್ಷ 600 ಜಿಬಿಗೂ ಮೀರಿದ ಸಂಗ್ರಹವನ್ನು ಸಾರ್ವಜನಿಕರಿಗೆ ಕೊಟ್ಟಿತು. ಅವು ಬಹುಪಾಲು ಬಿಡಿ ಫೈಲುಗಳಾಗಿದ್ದರಿಂದಲೇ ಹೊರಗಿನವರು ಹೀಗೆ ಎತ್ತಿಕೊಂಡು ಹೋಗಲು ಆದದ್ದು.

ಹಾಗಾದರೆ ಜನ ಸ್ಥಿರ ಪುಟವನ್ನು ಬಿಟ್ಟದ್ದು ಯಾಕೆ? ದಣಿವಾಗಿ. 200 ಪುಟಗಳ ತಾಣದಲ್ಲಿ ಕಚೇರಿಯ ಫೋನ್ ನಂಬರ್ ಬದಲಾದರೆ 200 ಫೈಲು ತೆರೆದು ತಿದ್ದಬೇಕಿತ್ತು. ಹೊಸ ಸುದ್ದಿ ಹಾಕಿದರೆ ಮುಖಪುಟ, ವಿಭಾಗದ ಪುಟ, ಹಳೆಯ ಸಂಚಿಕೆಗಳ ಪಟ್ಟಿ, ಮೂರನ್ನೂ ಕೈಯಲ್ಲೇ ಬದಲಿಸಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವವರಿಗೆ ಎಚ್‌ಟಿಎಂಎಲ್ ಬರಬೇಕಿತ್ತು. ವರದಿಗಾರ ಬರೆದು, ಕಂಪ್ಯೂಟರ್ ಗೊತ್ತಿದ್ದವರ ಕೈಗೆ ಕೊಟ್ಟು, ಅವರ ಬಿಡುವಿಗೆ ಕಾಯಬೇಕಿತ್ತು.

ಹೆಂಚು ಬಂತು

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು ಸಿಜಿಐ ಎಂಬ ವ್ಯವಸ್ಥೆ ತಂದರು. ಓದುಗ ಕೇಳಿದಾಗ ಸರ್ವರ್ ಒಂದು ಪ್ರೋಗ್ರಾಂ ಓಡಿಸಿ, ಅದು ಕಟ್ಟಿದ ಪುಟವನ್ನು ಕಳಿಸಬಹುದಾಯಿತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕಾಗಿ ಮಾಡಿಕೊಂಡಿದ್ದ ಸಲಕರಣೆಗಳನ್ನು ಪಿಎಚ್‌ಪಿ ಎಂದು ಹಂಚಿದರು. ಅದೇ ವರ್ಷ ಮೈಎಸ್‌ಕ್ಯುಎಲ್ ಡೇಟಾಬೇಸ್ ಬಂತು. ಇವೆರಡೂ ಸೇರಿ ಮುಂದಿನ ಇಪ್ಪತ್ತು ವರ್ಷ ಜಗತ್ತಿಗೆ ದೋಸೆ ಹುಯ್ದವು.

ಈ ಕಥೆಯಲ್ಲಿ ಪತ್ರಿಕೆಗಳ ಪಾಲೂ ಇದೆ. ಕಾನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ದೊಡ್ಡ ನಗರದ ಪತ್ರಿಕೆಯಲ್ಲ. ಅಲ್ಲಿನ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ, ಸುದ್ದಿಮನೆಯ ಗಡುವಿಗೆ ತಕ್ಕ ವೇಗದಲ್ಲಿ ತಾಣ ಕಟ್ಟುವ ಚೌಕಟ್ಟನ್ನು ರೂಪಿಸತೊಡಗಿದರು. 2005ರಲ್ಲಿ ಅದು ಜ್ಯಾಂಗೊ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರ ಜೊತೆಗೆ ಸಿದ್ಧವಾಗಿಯೇ ಬರುವ ನಿರ್ವಹಣಾ ಪುಟ ಜನಪ್ರಿಯವಾಯಿತು. ವರದಿಗಾರ ಒಂದು ಫಾರಂ ತುಂಬಿದರೆ ಸಾಕು, ಎಚ್‌ಟಿಎಂಎಲ್ ಕಲಿಯಬೇಕಿಲ್ಲ. ಸಣ್ಣ ಊರಿನ ಪತ್ರಿಕೆಯ ಅಗತ್ಯದಿಂದ ಹುಟ್ಟಿದ್ದನ್ನು ಇವತ್ತು ಜಗತ್ತಿನೆಲ್ಲೆಡೆ ಬಳಸುತ್ತಾರೆ.

ಕನ್ನಡದಲ್ಲೂ ಹೆಂಚಿನಿಂದ ಆದ ಉಪಕಾರ ದೊಡ್ಡದು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ 'ಸಂಪದ' ಡ್ರೂಪಲ್ ಎಂಬ ಸಿಎಂಎಸ್ ಮೇಲೆ ನಿಂತಿತ್ತು. ಯಾರು ಬೇಕಾದರೂ ಸದಸ್ಯರಾಗಿ ಬರೆಯಬಹುದಿತ್ತು, ಇನ್ನೊಬ್ಬರ ಬರಹಕ್ಕೆ ಪ್ರತಿಕ್ರಿಯಿಸಬಹುದಿತ್ತು. ಓದುಗರೇ ಬರಹಗಾರರಾಗುವ ಇಂಥ ಜಾಗವನ್ನು ಸ್ಥಿರ ಪುಟಗಳಲ್ಲಿ ಕಟ್ಟಲು ಆಗುತ್ತಿರಲಿಲ್ಲ. ನೂರಾರು ಜನ ಒಳಗೆ ಬಂದು ಬರೆಯುವ ತಾಣಕ್ಕೆ ದೋಸೆಯೇ ಸರಿ.

ಮರೆತುಹೋದ ಸಂಗತಿ

ಈಗ ಸ್ವಾರಸ್ಯದ ಭಾಗ. ಸ್ಥಿರ ತಾಣಕ್ಕೆ ಸಿಎಂಎಸ್ ಎಂಬುದು ಈಚಿನ ಆವಿಷ್ಕಾರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬ್ಲಾಗುಗಳ ಮೊದಲ ಕಾಲದ ಎರಡು ದೊಡ್ಡ ಸಲಕರಣೆಗಳೂ ಸ್ಥಿರ ಪುಟಗಳನ್ನೇ ಮಾಡುತ್ತಿದ್ದವು.

1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಬ್ಲಾಗರ್ ಅನ್ನು ತಂದಿತು. ಬ್ಲಾಗರ್ ತಾಣಕ್ಕೆ ಹೋಗಿ ಬರೆದು ಗುಂಡಿ ಒತ್ತಿದರೆ, ಅದು ಪುಟವನ್ನು ತಯಾರಿಸಿ ಎಫ್‌ಟಿಪಿ ಮೂಲಕ ನಿಮ್ಮದೇ ಸರ್ವರಿಗೆ ಕಳಿಸುತ್ತಿತ್ತು. ಬರೆಯುವ ಮೇಜು ಅವರದ್ದು, ತಯಾರಾದ ಪುಟ ನಿಮ್ಮ ಮನೆಯಲ್ಲಿ. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಎಫ್‌ಟಿಪಿ ಸೌಲಭ್ಯ 2010ರ ಮೇ 1ರವರೆಗೂ ನಡೆಯಿತು. ನಿಲ್ಲಿಸುವಾಗ ಅವರು ಕೊಟ್ಟ ಕಾರಣ, ಸಕ್ರಿಯ ಬ್ಲಾಗುಗಳಲ್ಲಿ ಶೇ. 0.5ರಷ್ಟು ಮಾತ್ರ ಅದನ್ನು ಬಳಸುತ್ತಿವೆ ಎಂಬುದು. ಉಳಿದವರೆಲ್ಲ ಪುಟವನ್ನೂ ಅವರ ಮನೆಯಲ್ಲೇ ಇಟ್ಟಿದ್ದರು.

ಇನ್ನೊಂದು ಮೂವಬಲ್ ಟೈಪ್. ಬೆನ್ ಮತ್ತು ಮೀನಾ ಟ್ರಾಟ್ ದಂಪತಿ 2001ರ ಅಕ್ಟೋಬರಿನಲ್ಲಿ ಹೊರತಂದ ಇದರ ಹೆಸರಿನ ಅರ್ಥವೇ ಬಿಡಿ ಅಚ್ಚುಮೊಳೆ. ಇದನ್ನು ನಿಮ್ಮ ಸರ್ವರಿನಲ್ಲೇ ಹಾಕಿಕೊಳ್ಳಬೇಕಿತ್ತು. ಬರಹ ಡೇಟಾಬೇಸಿನಲ್ಲಿ ಇರುತ್ತಿತ್ತು, ಆದರೆ ಓದುಗನಿಗೆ ಸಿಗುತ್ತಿದ್ದುದು ಮೊದಲೇ ತಯಾರಿಸಿಟ್ಟ ಪುಟ. 'ರೀಬಿಲ್ಡ್' ಎಂಬ ಗುಂಡಿ ಒತ್ತಿದರೆ ತಾಣದ ಪುಟಗಳೆಲ್ಲ ಹೊಸದಾಗಿ ಅಚ್ಚಾಗುತ್ತಿದ್ದವು. 2002ರಲ್ಲಿ ಆಗಿನ್ನೂ ಹದಿಹರೆಯದಲ್ಲಿದ್ದ ಏರನ್ ಸ್ವಾರ್ಟ್ಸ್ ಇದೇ ವಿಷಯದ ಮೇಲೆ ಬರೆದರು. ಪುಟಗಳನ್ನು ಮೊದಲೇ ಬೇಯಿಸಿಡುವುದು ಒಳ್ಳೆಯದು, ಕೇಳಿದಾಗ ಹುರಿಯುವುದಲ್ಲ ಎಂಬುದು ಅವರ ವಾದ. ನಮ್ಮ ಇಡ್ಲಿ ದೋಸೆಯ ಮಾತನ್ನೇ ಅವರು ಅವರ ಅಡುಗೆಮನೆಯ ಭಾಷೆಯಲ್ಲಿ ಹೇಳಿದ್ದರು.

ಆದರೂ ಗೆದ್ದದ್ದು ವರ್ಡ್‌ಪ್ರೆಸ್. ಮಿಷೆಲ್ ವಾಲ್ಡ್ರಿಗಿ ಬರೆದಿದ್ದ ಬಿ2 ಎಂಬ ತಂತ್ರಾಂಶದ ಕೆಲಸ ನಿಂತುಹೋದಾಗ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಎತ್ತಿಕೊಂಡು 2003ರ ಮೇ 27ರಂದು ವರ್ಡ್‌ಪ್ರೆಸ್ ಎಂದು ಬಿಡುಗಡೆ ಮಾಡಿದರು. ಅದು ಗೆಲ್ಲಲು ಮೂರು ಕಾರಣ ಕಾಣುತ್ತವೆ.

ಒಂದು, ಕಾಯುವಿಕೆ. ಮೂವಬಲ್ ಟೈಪ್‌ನಲ್ಲಿ ಬರಹಗಳು ಸಾವಿರ ದಾಟಿದ ಮೇಲೆ ರೀಬಿಲ್ಡ್‌ಗೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಪ್ರತಿಕ್ರಿಯೆ ಬಂದರೂ ಪುಟ ಮತ್ತೆ ಕಟ್ಟಬೇಕು. ಪ್ರತಿಕ್ರಿಯೆಗಳಲ್ಲಿ ಸ್ಪ್ಯಾಮ್ ಮಳೆ ಶುರುವಾದಾಗ ಸರ್ವರುಗಳು ಏದುಸಿರು ಬಿಟ್ಟವು. ವರ್ಡ್‌ಪ್ರೆಸ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಬರಹ ಪ್ರಕಟ. ಎರಡು, ಅನುಸ್ಥಾಪನೆ. 'ಐದು ನಿಮಿಷದಲ್ಲಿ ಹಾಕಿಕೊಳ್ಳಿ' ಎಂಬುದು ಅವರ ಹೆಮ್ಮೆಯಾಗಿತ್ತು. ಅಗ್ಗದ ಹೋಸ್ಟಿಂಗ್ ಎಲ್ಲೆಲ್ಲೂ ಪಿಎಚ್‌ಪಿ ಇತ್ತು. ಮೂರು, ಪರವಾನಗಿ. 2004ರ ಮೇ ತಿಂಗಳಲ್ಲಿ ಮೂವಬಲ್ ಟೈಪ್ 3.0 ಬಂದಾಗ ಉಚಿತ ಬಳಕೆಗೆ ಹೊಸ ಮಿತಿ ಹಾಕಿದರು. ಹಲವರು ಲೇಖಕರು, ಹಲವು ಬ್ಲಾಗುಗಳು ಇದ್ದವರು ಹಣ ಕಟ್ಟಬೇಕಾಯಿತು. ಅದೇ ತಿಂಗಳು ವರ್ಡ್‌ಪ್ರೆಸ್ 1.2 ಪ್ಲಗಿನ್ ಸೌಲಭ್ಯದೊಂದಿಗೆ ಬಂತು. ಸಿಟ್ಟಾದವರು ಸಾಲಾಗಿ ಅತ್ತ ನಡೆದರು. 2007ರಲ್ಲಿ ಮೂವಬಲ್ ಟೈಪ್ ಕೂಡ ಮುಕ್ತ ತಂತ್ರಾಂಶವಾಯಿತು, ಆದರೆ ಹೋದವರು ಮರಳಲಿಲ್ಲ.

ಈ ಮೂರರಲ್ಲಿ ಯಾವ ಕಾರಣವೂ ಓದುಗನ ಅನುಕೂಲಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಓದುಗನಿಗೆ ಸ್ಥಿರ ಪುಟವೇ ಬೇಗ ತೆರೆಯುತ್ತಿತ್ತು. ತೀರ್ಮಾನವಾದದ್ದು ಬರೆಯುವವರ ಮೇಜಿನಲ್ಲಿ. ಬರೆಯುವವರಿಗೆ ಯಾವುದು ಹಗುರವೋ ಅದು ಗೆದ್ದಿತು.

ಕನ್ನಡದ್ದೇ ಆದ ಎರಡು ತೊಡಕು

ಬೇರೆ ಭಾಷೆಯವರಿಗಿಂತ ನಾವು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕಾದ ಕಾರಣಗಳಿವೆ. ಮೊದಲನೆಯದು ಫಾಂಟು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಜನಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಮೂಡಲು ಶುರುವಾದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೆ. ಅಲ್ಲಿಯವರೆಗೂ, ಅದಾದ ಮೇಲೂ ಹಲವು ವರ್ಷ, ಕನ್ನಡ ತಾಣಗಳು ಆಯಾ ಫಾಂಟಿನ ಗುಟ್ಟಿನ ಲಿಪಿಯಲ್ಲಿ ಬರೆದವು. ಒಳಗೆ ಉಳಿಯುತ್ತಿದ್ದದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟ್ ಅದರ ಮೇಲೆ ಕನ್ನಡದ ಬಣ್ಣ ಬಳಿಯುತ್ತಿತ್ತು. ಆ ಕಾಲದ ಸ್ಥಿರ ಪುಟಗಳ ಫೈಲುಗಳು ಇವತ್ತಿಗೂ ಕೆಲವರ ಸಿಡಿಗಳಲ್ಲಿ ಭದ್ರವಾಗಿವೆ. ತೆರೆದರೆ ತಲೆಬುಡ ಗೊತ್ತಾಗದು. ಯಾವ ಫಾಂಟ್ ಎಂದು ಪತ್ತೆ ಹಚ್ಚಿ ಪರಿವರ್ತಿಸಿದರೆ ಮಾತ್ರ ಓದಬಹುದು. ಫೈಲು ಉಳಿದರೆ ಸಾಲದು, ಒಳಗಿನ ಬರಹ ಎಲ್ಲರೂ ಓದಬಲ್ಲ ರೂಪದಲ್ಲಿ ಇರಬೇಕು ಎಂಬ ಪಾಠವನ್ನು ಕನ್ನಡದವರಷ್ಟು ಚೆನ್ನಾಗಿ ಇಂಗ್ಲಿಷಿನವರು ಕಲಿಯುವ ಪ್ರಸಂಗ ಬರಲಿಲ್ಲ.

ಎರಡನೆಯದು ಡೇಟಾಬೇಸು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಮೈಎಸ್‌ಕ್ಯುಎಲ್ ತಾನಾಗಿ ಹಿಡಿಯುತ್ತಿದ್ದ ಅಕ್ಷರಪದ್ಧತಿ ಲ್ಯಾಟಿನ್-1. ಅದು ಪಶ್ಚಿಮ ಯೂರೋಪಿನ ಭಾಷೆಗಳಿಗೆ ಮಾಡಿದ್ದು. ಯೂನಿಕೋಡ್ ಎಂದು ಹೇಳದೆ ಮಾಡಿದ ಹಳೆಯ ತಾಣಗಳಲ್ಲಿ ಕನ್ನಡ ಹೇಗೋ ಸರಿಯಾಗಿಯೇ ಕಾಣುತ್ತಿತ್ತು. ಹೋಸ್ಟಿಂಗ್ ಬದಲಿಸಲು ಡೇಟಾಬೇಸನ್ನು ಹೊರತೆಗೆದಾಗ ಮಾತ್ರ ಲೇಖನಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುವ ಸಾಧ್ಯತೆ ಇತ್ತು.

ವಿಳಾಸದ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಜಾಲದ ವಿಳಾಸದೊಳಗೆ ಕನ್ನಡದ ಒಂದೊಂದು ಸಂಕೇತವೂ 9 ಅಕ್ಷರಗಳಾಗಿ ಹಿಗ್ಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಕ, ನ, ವಿರಾಮ, ನ, ಡ ಎಂದು 5 ಸಂಕೇತಗಳಿವೆ, ಅಂದರೆ 45 ಅಕ್ಷರ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸ ಮಾಡುವಾಗ 200 ಅಕ್ಷರಕ್ಕೆ ಕತ್ತರಿಸುತ್ತದೆ. ಕನ್ನಡದಲ್ಲಿ ಅದು 22 ಸಂಕೇತಗಳಿಗೇ ಮುಗಿಯಿತು. ಹಾಗಾಗಿ ಬಹಳಷ್ಟು ಕನ್ನಡ ಲೇಖನಗಳ ವಿಳಾಸ ನಡುವೆಯೇ ತುಂಡಾಗಿರುತ್ತದೆ. ಯಾವ ಸಿಎಂಎಸ್ ಆದರೂ ವಿಳಾಸವನ್ನು ನೀವೇ ಚಿಕ್ಕದಾಗಿ ಬರೆದುಕೊಡುವ ಅಭ್ಯಾಸ ಒಳ್ಳೆಯದು.

ಮತ್ತೆ ಇಡ್ಲಿಯ ಕಡೆಗೆ

ಗೆದ್ದ ಮೇಲೆ ದೋಸೆಯ ಖರ್ಚು ಗೊತ್ತಾಗತೊಡಗಿತು. ಒಂದೇ ಪುಟವನ್ನು ಸಾವಿರ ಜನ ಕೇಳಿದರೆ ಸಾವಿರ ಸಲ ಕಟ್ಟುವುದು ದಂಡವಲ್ಲವೇ? 2007ರಲ್ಲಿ ಬಂದ ಡಬ್ಲ್ಯುಪಿ ಸೂಪರ್ ಕ್ಯಾಶ್ ಎಂಬ ಪ್ಲಗಿನ್, ಕಟ್ಟಿದ ಪುಟವನ್ನು ಸ್ಥಿರ ಫೈಲಾಗಿ ಉಳಿಸಿ ಮುಂದಿನವರಿಗೆ ಅದನ್ನೇ ಕೊಡತೊಡಗಿತು. ಅಂದರೆ ದೋಸೆ ಹುಯ್ದು ಇಡ್ಲಿಯಂತೆ ಜೋಡಿಸಿಟ್ಟ ಹಾಗೆ.

ಭದ್ರತೆಯದು ಇನ್ನೂ ದೊಡ್ಡ ಚಿಂತೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ ತಂಡ ತಮ್ಮ ಸಿಎಂಎಸ್‌ನಲ್ಲಿದ್ದ ಗಂಭೀರ ದೋಷವನ್ನೂ ಅದಕ್ಕೆ ಪರಿಹಾರವನ್ನೂ ಪ್ರಕಟಿಸಿತು. ಎರಡು ವಾರದ ಮೇಲೆ ಇನ್ನೊಂದು ಸೂಚನೆ ಕೊಟ್ಟಿತು: ಪ್ರಕಟಣೆಯಾದ 7 ಗಂಟೆಯೊಳಗೆ ಸರಿಪಡಿಸದಿದ್ದ ಪ್ರತಿ ಡ್ರೂಪಲ್ 7 ತಾಣವೂ ಕೆಟ್ಟಿದೆಯೆಂದೇ ಭಾವಿಸಿ. ನಮ್ಮ ಗಡಿಯಾರದಲ್ಲಿ ಆ 7 ಗಂಟೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆ. ನಾಲ್ಕೈದು ಜನ ಸೇರಿ, ಬೇರೆ ಕೆಲಸದ ನಡುವೆ ನಡೆಸುವ ತಾಣಕ್ಕೆ ಆ ಹೊತ್ತಿನಲ್ಲಿ ಯಾರು ಎದ್ದು ಕೂರಬೇಕು?

ಸ್ಥಿರ ತಾಣದಲ್ಲಿ ಸರ್ವರಿನಲ್ಲಿ ಓಡುವ ಪ್ರೋಗ್ರಾಮೇ ಇಲ್ಲ, ಮುರಿಯಲು ಬಾಗಿಲುಗಳು ಕಡಿಮೆ. ಇದಕ್ಕೆ ಬೇಕಾದ ತುಂಡುಗಳು ಒಂದೊಂದಾಗಿ ಕೂಡಿಬಂದವು. 2004ರಲ್ಲಿ ಜಾನ್ ಗ್ರೂಬರ್, ಏರನ್ ಸ್ವಾರ್ಟ್ಸ್ ನೆರವಿನಿಂದ, ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆ ಪದ್ಧತಿ ತಂದರು. ಯಾವ ನೋಟ್‌ಪ್ಯಾಡಿನಲ್ಲಾದರೂ ಬರೆಯಬಹುದು, ತಂತ್ರಾಂಶವಿಲ್ಲದೆಯೂ ಓದಬಹುದು. 2008ರಲ್ಲಿ ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಬರೆದರು. ಒಂದು ಫೋಲ್ಡರಿನ ತುಂಬ ಮಾರ್ಕ್‌ಡೌನ್ ಫೈಲು ಕೊಟ್ಟರೆ ಇಡೀ ತಾಣ ಅಚ್ಚಾಗಿ ಬರುತ್ತದೆ. ಅದೇ ವರ್ಷದ ಕೊನೆಗೆ ಗಿಟ್‌ಹಬ್ ಪೇಜಸ್ ಎಂಬ ಉಚಿತ ಜಾಗವೂ ಸಿಕ್ಕಿತು. 2011ರಲ್ಲಿ ಅಮೆಜಾನ್ ತನ್ನ ಎಸ್3 ಉಗ್ರಾಣದಿಂದಲೇ ಸ್ಥಿರ ತಾಣ ನಡೆಸಲು ಅವಕಾಶ ಕೊಟ್ಟಿತು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಅವರ ಹ್ಯೂಗೋ ಬಂತು. ಅದು ಒಂದೇ ಫೈಲಿನ ಪ್ರೋಗ್ರಾಂ, ಜೊತೆಗೆ ಮತ್ತೇನನ್ನೂ ಹಾಕಬೇಕಿಲ್ಲ, ಸಾವಿರಾರು ಪುಟಗಳನ್ನು ಕೆಲವೇ ಸೆಕೆಂಡಿನಲ್ಲಿ ಕಟ್ಟುತ್ತದೆ. ಮೂವಬಲ್ ಟೈಪ್ ಕಾಲದ ಕಾಯುವಿಕೆ ಅಲ್ಲಿಗೆ ಮುಗಿಯಿತು.

ಸುದ್ದಿಮನೆಗಳೂ ತಿರುಗಿದವು. ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಯ ದತ್ತಾಂಶ ವಿಭಾಗದವರು, ಕಾನ್ಸಾಸ್‌ನಲ್ಲಿ ಹುಟ್ಟಿದ ಜ್ಯಾಂಗೊ ಇಟ್ಟುಕೊಂಡೇ ಪುಟಗಳನ್ನು ಮೊದಲೇ ತಯಾರಿಸಿ ಎಸ್3ಗೆ ಕಳಿಸುವ ಸಲಕರಣೆ ಮಾಡಿ ಎಲ್ಲರಿಗೂ ಹಂಚಿದರು. ಅದಕ್ಕೆ ಅವರಿಟ್ಟ ಹೆಸರು ಜ್ಯಾಂಗೊ-ಬೇಕರಿ. ಒಳಗೆ ವರದಿಗಾರರಿಗೆ ಆರಾಮದ ಮೇಜು, ಹೊರಗೆ ಓದುಗರಿಗೆ ಸ್ಥಿರ ಪುಟ.

ಆದರೆ ಜೆಕಿಲ್ ಮತ್ತು ಹ್ಯೂಗೋ ಬಂದಾಗ ಜೊತೆಗೆ ಮೇಜು ಬರಲಿಲ್ಲ. ಕಪ್ಪು ಪರದೆಯ ಮೇಲೆ ಆದೇಶ ಟೈಪಿಸಬೇಕು, ಗಿಟ್ ಕಲಿಯಬೇಕು. ಪ್ರೋಗ್ರಾಂ ಬರೆಯುವವರು ತಮಗಾಗಿ ಮಾಡಿಕೊಂಡ ಸಲಕರಣೆ ಅದು. ಗ್ರಾಮಸಭೆಯ ವರದಿಯನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲೇ ಬರೆದು ಕಳಿಸುವವರಿಗೆ 1995ರ ಸ್ಥಿತಿಯೇ ಮರಳಿತು: ಬರೆದು, ಗೊತ್ತಿದ್ದವರ ಕೈಗೆ ಕೊಟ್ಟು, ಕಾಯುವುದು.

ಮೇಜಿನ ಹುಡುಕಾಟ

ಕಳೆದ ಹತ್ತು ಹನ್ನೆರಡು ವರ್ಷಗಳ ಇತಿಹಾಸವೆಲ್ಲ ಈ ಮೇಜನ್ನು ಹುಡುಕಿದ ಇತಿಹಾಸ. 2012ರಲ್ಲಿ ಪ್ರೋಸ್ ಎಂಬ ಸಂಪಾದಕ ಬಂತು. ಗಿಟ್‌ಹಬ್‌ನಲ್ಲಿರುವ ಫೈಲನ್ನು ಬ್ರೌಸರಿನಲ್ಲೇ ತಿದ್ದಬಹುದು. 2015ರ ಕೊನೆಗೆ ಆರ್ಮಿನ್ ರೊನಾಕರ್ ಲೆಕ್ಟರ್ ತಂದರು. ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ನಿರ್ವಹಣಾ ಪುಟದಲ್ಲಿ ಬರೆದರೆ ಬರಹ ಸರಳ ಫೈಲುಗಳಾಗಿ ಉಳಿಯುತ್ತದೆ. 2016ರಲ್ಲಿ ನೆಟ್ಲಿಫೈ ಸಿಎಂಎಸ್ ಬಂತು. ವರ್ಡ್‌ಪ್ರೆಸ್‌ನಂತೆ ಕಾಣುವ ಫಾರಂ, ಹಿಂದೆ ಗಿಟ್‌ನಲ್ಲಿ ಮಾರ್ಕ್‌ಡೌನ್ ಫೈಲು. ಪಬ್ಲಿ ಎಂಬುದು ವಿಂಡೋಸ್ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದಾದ ತಂತ್ರಾಂಶ. ಕರೆಂಟ್ ಇದ್ದು ನೆಟ್ ಇಲ್ಲದಿದ್ದರೂ ಬರೆದಿಟ್ಟು, ನೆಟ್ ಬಂದಾಗ ಕಳಿಸಬಹುದು. ಆದರೆ ಅದರ ಬರಹ ಇರುವುದು ಸರಳ ಫೈಲಿನಲ್ಲಲ್ಲ, ಕಂಪ್ಯೂಟರಿನೊಳಗಿನ ಸಣ್ಣ ಡೇಟಾಬೇಸಿನಲ್ಲಿ.

ಇವುಗಳಲ್ಲಿ ಎಲ್ಲವೂ ಬಾಳಲಿಲ್ಲ. ಫಾರೆಸ್ಟ್ರಿ ಎಂಬ ಜನಪ್ರಿಯ ಮೇಜು 2023ರ ಏಪ್ರಿಲಿನಲ್ಲಿ ಮುಚ್ಚಿತು. ಅದೇ ವರ್ಷ ನೆಟ್ಲಿಫೈ ಸಿಎಂಎಸ್ ಬೇರೆಯವರ ಕೈಗೆ ಹೋಗಿ ಡೀಕ್ಯಾಪ್ ಆಯಿತು. ಆದರೆ ಫಾರೆಸ್ಟ್ರಿ ಬಳಸುತ್ತಿದ್ದವರು ಕಳೆದುಕೊಂಡದ್ದು ಮೇಜನ್ನು ಮಾತ್ರ. ಬರಹಗಳೆಲ್ಲ ಅವರದೇ ಗಿಟ್ ಖಾತೆಯಲ್ಲಿ ಸರಳ ಫೈಲುಗಳಾಗಿದ್ದವು. ಇನ್ನೊಂದು ಮೇಜು ತಂದು ಹಾಕಿಕೊಂಡರು, ಕೆಲಸ ಮುಂದುವರಿಯಿತು.

ಇದರ ಎದುರಿಗೆ ನಮ್ಮ ಕಡೆಯ ಒಂದು ಉದಾಹರಣೆ ಇಟ್ಟು ನೋಡಿ. ನಮಗೆ ಪರಿಚಯದ ಒಂದು ತಾಲೂಕು ವಾರಪತ್ರಿಕೆ ಆರು ವರ್ಷ ತಾಣ ನಡೆಸಿತ್ತು. ಕೆರೆ ಒತ್ತುವರಿ, ಪಂಚಾಯಿತಿ ಲೆಕ್ಕ, ಮುಚ್ಚಿದ ಸರ್ಕಾರಿ ಶಾಲೆಗಳು, ಯಾವ ದೊಡ್ಡ ಪತ್ರಿಕೆಯೂ ಬರೆಯದ ಸಂಗತಿಗಳು ಅಲ್ಲಿದ್ದವು. ತಾಣ ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಪಾಸ್‌ವರ್ಡ್ ಅವನ ಹಳೆಯ ಇಮೇಲಿನಲ್ಲಿತ್ತು. ಹೋಸ್ಟಿಂಗ್ ನವೀಕರಣದ ದಿನ ದಾಟಿತು, ಡೇಟಾಬೇಸ್ ಅಳಿಸಿಹೋಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಮುಖಪುಟವೂ ಬೆರಳೆಣಿಕೆಯ ಲೇಖನಗಳೂ ಸಿಕ್ಕವು, ಅಷ್ಟೇ. ಮುಂದೆ ಅದೇ ಕೆರೆಯ ಒತ್ತುವರಿ ಬಗ್ಗೆ ಊರವರು ಅರ್ಜಿ ಹಾಕಿದಾಗ ಹಳೆಯ ವರದಿ ಬೇಕಾಯಿತು. ಮುದ್ರಿತ ಸಂಚಿಕೆಯ ಒಂದು ಪ್ರತಿ ಗ್ರಂಥಾಲಯದಲ್ಲಿ ಸಿಕ್ಕಿದ್ದರಿಂದ ಬಚಾವಾದರು.

ಹಾಗಾದರೆ ಆಯ್ಕೆ?

ಇಷ್ಟು ನೋಡಿದ ಮೇಲೆ 'ಸ್ಥಿರವೋ ಚಲನಶೀಲವೋ' ಎಂಬ ಪ್ರಶ್ನೆ ನಮಗೆ ಎರಡನೆಯದಾಗಿ ಕಾಣುತ್ತದೆ. ಮೂವತ್ತು ವರ್ಷದಲ್ಲಿ ಪ್ರತಿ ಸಲವೂ ನಿರ್ಣಾಯಕವಾದದ್ದು ಎರಡು ಸಂಗತಿ: ಬರೆಯುವವರು ಯಾರ ನೆರವೂ ಇಲ್ಲದೆ ಕೂತು ಬರೆಯಬಲ್ಲ ಮೇಜು ಇದೆಯೇ? ಆ ಮೇಜು ಮುರಿದ ದಿನ ಬರಹ ಎದ್ದು ಹೊರಗೆ ಬರಬಲ್ಲದೇ? ಮೊದಲನೆಯದು ಇಲ್ಲದಿದ್ದರೆ ತಾಣ ಬೆಳೆಯುವುದಿಲ್ಲ. ಎರಡನೆಯದು ಇಲ್ಲದಿದ್ದರೆ ಬೆಳೆದದ್ದು ಉಳಿಯುವುದಿಲ್ಲ.

ನಮ್ಮಂಥ ತಂಡಗಳಿಗೆ ಇದನ್ನು ಅನ್ವಯಿಸಿ ಹೇಳುವುದಾದರೆ, ಬರೆಯುವವರು ಹತ್ತಿಪ್ಪತ್ತು ಜನ, ದಿನಕ್ಕೆ ಒಂದೆರಡು ವರದಿ, ಓದುಗರ ಮಾತು ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರುತ್ತದೆ ಎಂದಿದ್ದರೆ ಸ್ಥಿರ ತಾಣವೇ ಸರಿ. ಹ್ಯೂಗೋದಂಥ ಒಂದು ಸಲಕರಣೆ, ಮೇಲೆ ಡೀಕ್ಯಾಪ್‌ನಂಥ ಒಂದು ಮೇಜು, ಬರಹ ಮಾರ್ಕ್‌ಡೌನ್‌ನಲ್ಲಿ. ಪುಟ ಹಗುರವಾಗಿ ಮಾಡಿದರೆ ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಊರಿನಲ್ಲೂ ತೆರೆಯುತ್ತದೆ. ಗಿಟ್‌ನಲ್ಲಿ ಯಾವ ಸಾಲನ್ನು ಯಾರು ಯಾವತ್ತು ತಿದ್ದಿದರು ಎಂಬ ದಾಖಲೆ ತಾನಾಗಿ ಉಳಿಯುತ್ತದೆ. ತಿದ್ದುಪಡಿಯನ್ನು ಮುಚ್ಚಿಡದ ಪತ್ರಿಕೋದ್ಯಮಕ್ಕೆ ಇದು ಸಣ್ಣ ಅನುಕೂಲವಲ್ಲ. ತಂಡದ ನಾಲ್ಕು ಕಂಪ್ಯೂಟರಿನಲ್ಲಿ ಪೂರ್ತಿ ಪ್ರತಿ ಇರುವುದರಿಂದ ಯಾರದೋ ಒತ್ತಡಕ್ಕೆ ಒಂದು ಕಡೆ ಅಳಿಸಿದರೂ ವರದಿ ಸಾಯುವುದಿಲ್ಲ. ಆದರೆ ಉಚಿತ ಜಾಗ ಎಂದರೆ ಅದು ಬೇರೆಯವರ ಮನೆ ಎಂಬುದು ನೆನಪಿರಲಿ. ಗಿಟ್‌ಹಬ್ ಕೂಡ 2018ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಡೊಮೈನ್ ಹೆಸರು ತಂಡದ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಲಿ.

ಓದುಗರು ಒಳಗೆ ಬಂದು ಬರೆಯಬೇಕು, ಚರ್ಚೆ ಅಲ್ಲೇ ನಡೆಯಬೇಕು ಎಂದಿದ್ದರೆ ವರ್ಡ್‌ಪ್ರೆಸ್ಸೋ ಡ್ರೂಪಲ್ಲೋ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆಗ ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವವರು ಯಾರು, ಬ್ಯಾಕಪ್ ತೆಗೆಯುವವರು ಯಾರು ಎಂದು ಹೆಸರು ಬರೆದಿಟ್ಟುಕೊಂಡೇ ಶುರು ಮಾಡಬೇಕು.

ಯಾವುದನ್ನೇ ಆರಿಸಿದರೂ ಒಂದು ಪರೀಕ್ಷೆ ಮಾಡಿ. ಹತ್ತು ಬರಹ ಹಾಕಿದ ಮೇಲೆ, ನೂರು ಹಾಕುವ ಮೊದಲು, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಇಳಿಸಿ. ನೆಟ್ ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ತೆರೆಯಿರಿ. ಕನ್ನಡ ಕನ್ನಡವಾಗಿಯೇ ಓದಲು ಸಿಕ್ಕಿತೇ, ತಾರೀಖು ಮತ್ತು ಬರೆದವರ ಹೆಸರು ಜೊತೆಗಿದೆಯೇ ನೋಡಿ. ಸಿಕ್ಕಿದರೆ ಆ ಸಿಎಂಎಸ್ ಇಟ್ಟುಕೊಳ್ಳಿ. ಸಿಗದಿದ್ದರೆ ಬರಹ ಹತ್ತೇ ಇರುವಾಗ ಬದಲಿಸಿಬಿಡಿ.